ಧನ್ಯವಾದ: ಸೀಟು ಹದಿನೇಳು

ಆಫೀಸಿನ ತಂತ್ರಾಂಶದ ಹೊಸ ಅಪ್‌ಡೇಟಿನ ಪಟ್ಟಿಯಲ್ಲಿ ನಲವತ್ತಮೂರು ಸಾಲುಗಳಿದ್ದವು. ಮೊದಲ ಮೂವತ್ತನ್ನು ಒಳಕೋಣೆಯಕ್ಕ ಟೀ ಕುಡಿಯುತ್ತಲೇ ಓದಿ ಮುಗಿಸಿದಳು. ಮೂವತ್ತೊಂದನೆಯದಕ್ಕೆ ಬಂದಾಗ ಟೀ ಲೋಟ ಕೆಳಗಿಟ್ಟಳು.

‘ಮರುಕರೆ: ಇಂಥ ಹೊತ್ತಿಗೆ ಮತ್ತೆ ಫೋನ್ ಮಾಡುತ್ತೇನೆಂದು ಮಾತು ಕೊಟ್ಟವರು ಆ ಹೊತ್ತಿಗೆ ಸೀಟಿನಲ್ಲಿ ಇಲ್ಲದಿದ್ದರೆ, ಹತ್ತು ನಿಮಿಷ ಕಾದು ಆ ಕರೆಯನ್ನು ಬಿಡುವಾಗಿರುವ ಬೇರೊಬ್ಬರಿಗೆ ದಾಟಿಸುವ ಸೌಲಭ್ಯ. ಧನ್ಯವಾದ: ಸೀಟು ಹದಿನೇಳು.’

ಸೀಟು ಹದಿನೇಳು ಎಂದು ಹೆಸರಿಟ್ಟುಕೊಳ್ಳುವವರು ಲೋಕದಲ್ಲಿ ಬೇಕಾದಷ್ಟು ಜನ ಇರಬಹುದು. ಆದರೆ ಗೋಡೆಯ ಆಚೆ, ಫೋನ್ ಮಾಡುವವರು ಕೂರುವ ಹಾಲಿನ ಎರಡನೆಯ ಸಾಲಿನಲ್ಲಿ, ಕುಡಿಯುವ ನೀರಿನ ಕ್ಯಾನಿನ ಪಕ್ಕದ ಹದಿನೇಳನೆಯ ಸೀಟಿನಲ್ಲಿ ಐದು ತಿಂಗಳಿಂದ ಕೂರುತ್ತಿದ್ದವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಮನೆಯಲ್ಲಿ ಸುಮ್ಮನೆ ಕೂತಿದ್ದಾಳಲ್ಲ ಪಾಪ ಎಂದು ಮ್ಯಾನೇಜರರ ಹತ್ತಿರ ಹೇಳಿ ಆ ಸೀಟು ಕೊಡಿಸಿದ್ದೂ ಒಳಕೋಣೆಯಕ್ಕನೇ. ತನ್ನ ಕೈಯಾರೆ ಕೊಡಿಸಿದ ಸೀಟು ತನ್ನ ಕಣ್ಣೆದುರೇ ಪಟ್ಟಿಯೊಳಗೆ ಬಂದು ಕೂತಿರುವುದನ್ನು ಅವಳು ಇನ್ನೊಂದು ಸಲ ಓದಿದಳು. ಹೊಟ್ಟೆಯೊಳಗೆ ಬೆಂಕಿ ಹತ್ತಿದ್ದು ಅವಳಿಗೇ ಗೊತ್ತಾಯಿತು.

ಒಳಕೋಣೆ ಎಂದರೆ ಆಫೀಸಿನ ಸರ್ವರ್‌ಗಳಿದ್ದ ಕೋಣೆ. ಅದಕ್ಕೆ ಕಿಟಕಿಯಿಲ್ಲ. ಯಂತ್ರಗಳಿಗೆ ಸೆಖೆಯಾಗಬಾರದೆಂದು ವರ್ಷವಿಡೀ ತಣ್ಣನೆಯ ಗಾಳಿ ಬಿಟ್ಟಿರುತ್ತಾರೆ; ಒಳಗಿರುವ ಮನುಷ್ಯರಿಗೆ ನೆಗಡಿಯಾದರೆ ಕೇಳುವವರಿಲ್ಲ. ಹನ್ನೊಂದು ವರ್ಷದಿಂದ ಸ್ವೆಟರ್ ಹಾಕಿಕೊಂಡು ಅಲ್ಲಿ ಕೂತು ಅವಳಿಗೆ ಆ ಕೋಣೆಯ ಹೆಸರೇ ಅಂಟಿಕೊಂಡಿತ್ತು. ಆಫೀಸಿನ ಕೆಲಸ ಹಲವು ಆಸ್ಪತ್ರೆಗಳ ಪರವಾಗಿ ಜನರಿಗೆ ಫೋನ್ ಮಾಡಿ ತಪಾಸಣೆಯ ದಿನ ನೆನಪಿಸುವುದು. ಹಾಲಿನಲ್ಲಿ ಅರವತ್ತು ಸೀಟು. ನಂಬರು ಒತ್ತುವ ಕೆಲಸ ಡಯಲರ್‌ನದು. ಅದು ತಾನೇ ಒಂದರ ಹಿಂದೊಂದು ನಂಬರು ಒತ್ತಿ, ಆ ಕಡೆಯಿಂದ ‘ಹಲೋ’ ಬಂದ ಕೂಡಲೇ ಯಾರು ಬಿಡುವಾಗಿದ್ದಾರೋ ಅವರ ಕಿವಿಗೆ ಹಾಕುತ್ತದೆ. ಆ ಡಯಲರ್ ಕೆಮ್ಮಿದರೂ ಸೀನಿದರೂ ಓಡಿಬರಬೇಕಾದವಳು ಒಳಕೋಣೆಯಕ್ಕ.

ಡಯಲರ್ ಯಾರೊಬ್ಬರ ಸ್ವತ್ತೂ ಅಲ್ಲ. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ತಿದ್ದಿದ್ದು ಹತ್ತು ಜನಕ್ಕೆ ಉಪಯೋಗವಾಗುವಂತಿದ್ದರೆ ಅದನ್ನು ನಡೆಸುವವರಿಗೆ ಬರೆದು ಕಳಿಸಬಹುದು. ಅವರಿಗೆ ಒಪ್ಪಿಗೆಯಾದರೆ ಮುಂದಿನ ಅಪ್‌ಡೇಟಿನಲ್ಲಿ ಸೇರಿಸಿ, ಕಳಿಸಿದವರಿಗೆ ಒಂದು ಧನ್ಯವಾದ ಹಾಕುತ್ತಾರೆ. ಹನ್ನೊಂದು ವರ್ಷದಿಂದ ಒಳಕೋಣೆಯಕ್ಕ ಪ್ರತಿ ಪಟ್ಟಿಯಲ್ಲೂ ಆ ಧನ್ಯವಾದಗಳನ್ನು ತಪ್ಪದೆ ಓದುತ್ತಿದ್ದಳು. ಒಂದು ದಿನ ತಾನೂ ಕಳಿಸಬೇಕು ಎಂದುಕೊಳ್ಳುತ್ತಿದ್ದಳು. ಅಷ್ಟು ದೊಡ್ಡ ದೊಡ್ಡವರ ನಡುವೆ ನನ್ನದೇನು ಎಂದು ಸುಮ್ಮನಾಗುತ್ತಿದ್ದಳು.

ಕಳಿಸುವುದಕ್ಕೆ ಅವಳ ಹತ್ತಿರ ಏನೂ ಇರಲಿಲ್ಲ ಎಂದಲ್ಲ. ಈ ಮರುಕರೆಯ ಗೋಳು ಅವಳಷ್ಟು ಬಲ್ಲವರು ಯಾರಿದ್ದರು? ಫೋನ್ ಎತ್ತಿದವರು ‘ನಾಲ್ಕು ಗಂಟೆಗೆ ಮಾಡಿ, ಮಗಳು ಬಂದಿರ್ತಾಳೆ’ ಎನ್ನುತ್ತಾರೆ. ಹಾಲಿನಲ್ಲಿ ಕೂತವಳು ನಾಲ್ಕು ಎಂದು ಬರೆದುಕೊಳ್ಳುತ್ತಾಳೆ. ಆ ನಂಬರು ಅವಳಿಗೇ ಅಂಟಿಕೊಳ್ಳುತ್ತದೆ. ನಾಲ್ಕು ಗಂಟೆಗೆ ಅವಳು ರಜೆಯಲ್ಲಿದ್ದರೆ ನಂಬರು ಅಲ್ಲೇ ಕೊಳೆಯುತ್ತದೆ. ಆ ಕಡೆಯವರು ಫೋನಿನ ಮುಂದೆ ಕಾಯುತ್ತಾರೆ. ಅದಕ್ಕೇ ಒಳಕೋಣೆಯಕ್ಕ ದಿನಾ ಸಂಜೆ ಐದೂವರೆಗೆ ಹೀಗೆ ಸಿಕ್ಕಿಹಾಕಿಕೊಂಡ ನಂಬರುಗಳನ್ನು ಒಂದೊಂದಾಗಿ ಎತ್ತಿ, ಪಕ್ಕದಲ್ಲಿ ಬರೆದ ಟಿಪ್ಪಣಿ ಓದಿ, ಬೇರೆಯವರಿಗೆ ಹಂಚುತ್ತಿದ್ದಳು. ಕಿವಿ ಮಂದ ಇರುವ ಮುದುಕರು ನಗಾರಿಗೆ. ಹಾಲಿನಲ್ಲಿ ಅವನೊಬ್ಬನ ದನಿ ಮೂರು ಗೋಡೆ ದಾಟುತ್ತಿತ್ತು. ಹೆದರಿ ಮಾತನಾಡುವ ಹೆಂಗಸರು ಮೆತ್ತನೆ ದನಿಯ ಗುಬ್ಬಿಗೆ. ಈ ಕೆಲಸ ಯಾರೂ ಹೇಳಿದ್ದಲ್ಲ, ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ. ಕೆಲಸ ಮುಗಿಸಿ ಇಬ್ಬರೂ ಜೊತೆಯಲ್ಲಿ ಮನೆಗೆ ನಡೆಯುವಾಗ ಒಂದು ಸಂಜೆ ಓರಗಿತ್ತಿ ಕೇಳಿದ್ದಳು: “ಎಲ್ಲರೂ ಏಳೋ ಹೊತ್ತಿಗೆ ನೀವೊಬ್ರೇ ಒಳಗೆ ಏನ್ ಮಾಡ್ತಿರ್ತೀರ ಅಕ್ಕಾ?” ಕೇಳಿದ್ದೇ ತಡ, ಒಳಕೋಣೆಯಕ್ಕ ಮನೆಯ ಮೆಟ್ಟಿಲು ಬರುವ ತನಕ ಸವಿಸ್ತಾರವಾಗಿ ವಿವರಿಸಿದ್ದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಬ್ಬರು ಕೇಳಿದ್ದರಲ್ಲ! ಆ ಹೆಂಗಸು ಹೂಂಗುಟ್ಟುತ್ತಾ ಕೇಳಿಸಿಕೊಂಡು, ಇಪ್ಪತ್ತು ದಿನ ಕೂತು ಬರೆದು, ಚಿತ್ರ ಸಮೇತ ಕಳಿಸಿಯೇ ಬಿಟ್ಟಿದ್ದಳು.

“ಹೇಳೋಣ ಅಂತಾನೇ ಇದ್ದೆ ಅಕ್ಕಾ,” ಎಂದಳು ಓರಗಿತ್ತಿ ಅಂದು ಸಂಜೆ, ಮುಖವೆಲ್ಲ ಕೆಂಪು ಮಾಡಿಕೊಂಡು. “ಅವ್ರು ತಗೋತಾರೋ ಇಲ್ವೋ ಅಂತ ಸುಮ್ನಿದ್ದೆ. ತಗೊಂಡೇಬಿಟ್ರು!”

“ಒಳ್ಳೇದಾಯ್ತಲ್ಲ,” ಎಂದಳು ಒಳಕೋಣೆಯಕ್ಕ. ಆ ಒಂದು ಮಾತು ಹೊರಗೆ ಹಾಕುವಷ್ಟರಲ್ಲಿ ಹಲ್ಲು ನೋವು ಬಂದಿತ್ತು.

ಒಂದೇ ಕಟ್ಟಡದ ಕೆಳಗಿನ ಮನೆಯಲ್ಲಿ ಓರಗಿತ್ತಿ, ಮೇಲಿನ ಮನೆಯಲ್ಲಿ ಒಳಕೋಣೆಯಕ್ಕ. ಅತ್ತೆ ಮೇಲಿನ ಮನೆಯಲ್ಲಿ ಮಲಗಿ ಕೆಳಗಿನ ಮನೆಯಲ್ಲಿ ಮಾತಾಡುವವರು. ರಾತ್ರಿಯ ಊಟಕ್ಕೆ ಕೂರುವ ಮೊದಲೇ ಅವರಿಗೆ ಸುದ್ದಿ ಮುಟ್ಟಿತ್ತು. “ಚಿಕ್ಕವಳು ಏನೋ ಕಂಡುಹಿಡಿದಿದಾಳಂತೆ, ಪ್ರಪಂಚಕ್ಕೆಲ್ಲ ಹೋಗುತ್ತಂತೆ!” ಎಂದರು ಅತ್ತೆ. “ನೀನೂ ಅಲ್ಲೇ ಇದೀಯಲ್ಲ ಇಷ್ಟು ವರ್ಷದಿಂದ, ನಿಂಗೆ ಹೊಳೀಲಿಲ್ವಾ?”

ಅತ್ತೆ ಚುಚ್ಚಬೇಕೆಂದು ಹೇಳಿದ್ದಲ್ಲ. ಚುಚ್ಚಬೇಕೆಂದು ಹೇಳಿದ್ದರೆ ತಿರುಗಿಸಿ ಒಂದು ಮಾತು ಆಡಬಹುದಿತ್ತು. ಒಳಕೋಣೆಯಕ್ಕ ಪಾತ್ರೆ ತೊಳೆಯಲು ಎದ್ದಳು. ಅಂದು ತೊಳೆದ ಪಾತ್ರೆಗಳ ಸದ್ದು ಕೆಳಗಿನ ಮನೆಗೂ ಕೇಳಿಸಿರಬೇಕು.

ಮರುದಿನ ಮ್ಯಾನೇಜರರು ಒಳಕೋಣೆಯ ಬಾಗಿಲಿಗೆ ಬಂದು ನಿಂತರು. “ಆ ಅಪ್‌ಡೇಟು ಭಾನುವಾರನೇ ಹಾಕ್ಬಿಡಿ. ನಮ್ಮ ಆಫೀಸಿಂದ ಹೋಗಿರೋದು, ನಾವೇ ಲೇಟ್ ಮಾಡಿದ್ರೆ ಹೇಗೆ? ಇನ್ನೊಂದು ವಿಷ್ಯ. ಹದಿನೇಳನ್ನ ನಿಮ್ಮ ಜೊತೆ ಇಲ್ಲೇ ಕೂರಿಸೋಣ ಅಂತಿದೀನಿ. ಒಳ್ಳೇ ತಲೆ ಇದೆ. ಇನ್ನೊಂದು ಕುರ್ಚಿ ಹಿಡಿಸುತ್ತಲ್ವಾ?”

“ಹಿಡಿಸಲ್ಲ ಸರ್.”

ಮ್ಯಾನೇಜರರು ಕೋಣೆಯನ್ನು ಕಣ್ಣಲ್ಲೇ ಅಳೆದರು. “ಹಿಡಿಸುತ್ತೆ,” ಎಂದು ಹೋದರು.

ಮನೆಯಲ್ಲಿ ಅತ್ತೆಯನ್ನು ಹಂಚಿಕೊಂಡದ್ದಾಯಿತು. ಕಟ್ಟಡ ಹಂಚಿಕೊಂಡದ್ದಾಯಿತು. ಈ ಒಂದು ಕೋಣೆ, ತಣ್ಣಗೆ ಕೊರೆಯುವ ಈ ದರಿದ್ರ ಕೋಣೆ, ತನ್ನೊಬ್ಬಳದೇ ಆಗಿತ್ತು. ಅದೂ ಹೋಗುತ್ತದೆಂದು ಗೊತ್ತಾದ ಮೇಲೆ ಅದರ ಮೇಲೆ ಅವಳಿಗೆ ಎಲ್ಲಿಲ್ಲದ ಪ್ರೀತಿ ಬಂತು.

ಭಾನುವಾರ ಬೆಳಿಗ್ಗೆ ಖಾಲಿ ಆಫೀಸಿಗೆ ಹೋಗಿ ಅಪ್‌ಡೇಟು ಹಾಕಿದಳು. ಎರಡೂವರೆ ಗಂಟೆಯ ಕೆಲಸ. ಎಲ್ಲವೂ ಸುಸೂತ್ರವಾಗಿ ಮುಗಿಯಿತು. ಇಂಥ ಅಪ್‌ಡೇಟುಗಳಲ್ಲಿ ಒಂದು ಪದ್ಧತಿಯಿದೆ. ಹೊಸ ಸೌಲಭ್ಯ ಏನೇ ಬಂದರೂ ಅದು ಮಲಗಿಕೊಂಡೇ ಬರುತ್ತದೆ. ಅದರ ಮುಂದೆ ಒಂದು ಸೊನ್ನೆ ಇರುತ್ತದೆ. ಬೇಕಾದವರು ಸೊನ್ನೆ ಅಳಿಸಿ ಒಂದು ಎಂದು ಬರೆದರೆ ಮಾತ್ರ ಅದು ಏಳುತ್ತದೆ. ಒಳಕೋಣೆಯಕ್ಕ ಬೇಕಾದ ಕಡೆಯೆಲ್ಲ ಒಂದು ಬರೆಯುತ್ತಾ ಬಂದಳು. ಮರುಕರೆಯ ಸೊನ್ನೆಯ ಮುಂದೆ ಬೆರಳು ನಿಂತಿತು. ನೀರು ಕುಡಿದು ಬಂದಳು. ಆಮೇಲೆ ಮುಂದಿನ ಸಾಲಿಗೆ ಹೋದಳು.

ಅವಳು ಏನನ್ನೂ ಕೆಡಿಸಲಿಲ್ಲ, ಏನನ್ನೂ ಅಳಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬಿಟ್ಟಳು, ಅಷ್ಟೇ. ಹೊಟ್ಟೆಕಿಚ್ಚಿನವರಿಗೆ ಇಷ್ಟು ಸುಲಭದ ಕೆಲಸ ಸಿಗುವುದು ಅಪರೂಪ.

ಸುಲಭದ್ದಲ್ಲವೆಂದು ಸೋಮವಾರವೇ ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಮೂರು ಮರುಕರೆಗಳು ಸಿಕ್ಕಿಬಿದ್ದಿದ್ದವು. ಬೀಳಲಿ, ಮೂವತ್ತಾಗಲಿ, ಓರಗಿತ್ತಿಯ ಬಂಡವಾಳ ಬಯಲಾಗಲಿ ಎಂದು ಒಳಕೋಣೆಯಕ್ಕ ಕೈಕಟ್ಟಿ ಕೂತಳು. ಆಗ ತಲೆಗೆ ಹೊಳೆಯಿತು: ಕೆಲಸ ಮಾಡುತ್ತಿಲ್ಲ ಎಂದು ಗೊತ್ತಾದರೆ ಮ್ಯಾನೇಜರರು ಬಂದು ಮೊದಲು ನೋಡುವುದು ಆ ಸೊನ್ನೆಯನ್ನೇ. ಸೊನ್ನೆ ಬಿಟ್ಟವರು ಯಾರು ಎಂದು ಕೇಳಿದರೆ ಆ ಕೋಣೆಯಲ್ಲಿ ಎರಡನೆಯವರ ಹೆಸರು ಹೇಳಲು ಯಾರಿದ್ದರು? ಹಾಗಾದರೆ ಒಂದು ಎಂದು ಬರೆದುಬಿಡಬೇಕು. ಬರೆದರೆ ಓರಗಿತ್ತಿ ಗೆಲ್ಲುತ್ತಾಳೆ. ಎರಡೂ ಬೇಡವೆಂದು ಒಳಕೋಣೆಯಕ್ಕ ಆ ಮೂರು ಕರೆಗಳನ್ನು ಕೈಯಾರೆ ಎತ್ತಿ ಬೇರೆಯವರಿಗೆ ಹಾಕಿದಳು.

ಅಲ್ಲಿಗೆ ಅವಳ ಕೊರಳಿಗೆ ಹಗ್ಗ ಬಿತ್ತು. ಮೊದಲಾದರೆ ಸಂಜೆ ಐದೂವರೆಗೆ ಒಂದು ಸಲ ಮಾಡಿದರೆ ಸಾಕಿತ್ತು. ಈಗ ಯಂತ್ರವೇ ಮಾಡುತ್ತಿದೆ ಎಂದು ಕಾಣಬೇಕಾದರೆ ಪ್ರತಿ ಕರೆಯನ್ನೂ ಹತ್ತು ನಿಮಿಷಕ್ಕೆ ಸರಿಯಾಗಿ ದಾಟಿಸಬೇಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅವಳು ಪರದೆಗೆ ಕಣ್ಣು ನೆಟ್ಟು, ಗಡಿಯಾರ ನೋಡಿ, ಎತ್ತಿ ಹಾಕಿ, ಎತ್ತಿ ಹಾಕಿ ಹಣ್ಣಾದಳು. ಊಟದ ಡಬ್ಬಿ ಕೀಬೋರ್ಡಿನ ಪಕ್ಕಕ್ಕೆ ಬಂತು. ಟೀಗೆ ಎದ್ದು ಹೋಗುವುದು ನಿಂತಿತು. ಯಂತ್ರವಾಗಿದ್ದರೆ ಯಾರಿಗೆ ಬೇಕಾದರೂ ಹಾಕುತ್ತಿತ್ತು. ಅವಳು ಹಾಗೆ ಮಾಡಲಾರಳು. ಟಿಪ್ಪಣಿ ಓದಿದ ಮೇಲೆ ಕಿವುಡ ಮುದುಕರನ್ನು ನಗಾರಿಗಲ್ಲದೆ ಬೇರೆಯವರಿಗೆ ಹಾಕಲು ಕೈ ಬರುತ್ತಿರಲಿಲ್ಲ. ಹಾಗಾಗಿ ಸೀಟು ಹದಿನೇಳರ ಸೌಲಭ್ಯ ಸೀಟು ಹದಿನೇಳು ಅಂದುಕೊಂಡಿದ್ದಕ್ಕಿಂತಲೂ ಚೆನ್ನಾಗಿ ನಡೆಯಿತು.

“ಏನ್ ಜಾಣತನ ರೀ ಅದಕ್ಕೆ!” ಎಂದ ನಗಾರಿ, ಮೂರು ಗೋಡೆಯಾಚೆಗೆ ಕೇಳುವಂತೆ. “ಕಿವಿ ಕೇಳದವ್ರನ್ನೆಲ್ಲ ಹುಡುಕಿ ಹುಡುಕಿ ನಂಗೇ ಕೊಡುತ್ತೆ!”

ಮೂರು ವಾರ ತುಂಬಿದ ದಿನ ಮ್ಯಾನೇಜರರು ಹಾಲಿನ ನಡುವೆ ನಿಂತು ಘೋಷಿಸಿದರು: ಒಂದೇ ಒಂದು ಮರುಕರೆಯೂ ತಪ್ಪಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಓರಗಿತ್ತಿ ತಲೆ ತಗ್ಗಿಸಿಕೊಂಡು ಕುಳಿತಿದ್ದಳು. ಆ ತಗ್ಗಿಸಿದ ತಲೆ ನೋಡಿಯೇ ಒಳಕೋಣೆಯಕ್ಕನಿಗೆ ಮೈಯೆಲ್ಲ ಉರಿಯಿತು. ಬಾಗಿಲಲ್ಲಿ ನಿಂತು ಅವಳೂ ಚಪ್ಪಾಳೆ ತಟ್ಟಿದಳು. ತನ್ನ ಕೆಲಸಕ್ಕೆ ತಾನೇ ತಟ್ಟಿಕೊಂಡ ಚಪ್ಪಾಳೆ ಅದೆಂದು ಹೇಳಿಕೊಳ್ಳುವಂತೆಯೂ ಇರಲಿಲ್ಲ.

ಕುತ್ತಿಗೆ ಅಂದೇ ಹಿಡಿದುಕೊಂಡಿತು. ಎಡಕ್ಕೆ ತಿರುಗಲಾರದು, ಬಲಕ್ಕೆ ತಿರುಗಲಾರದು. ಡಾಕ್ಟರು ನೋಡಿ, “ಹೀಗೆ ಬಗ್ಗಿ ಬಗ್ಗಿ ಏನ್ ಹುಡುಕ್ತಿದ್ರಿ? ಎರಡು ದಿನ ಅಲ್ಲಾಡದೆ ಮಲಗಿ,” ಎಂದರು. ಬುಧವಾರ ಸಂಜೆ ರಜೆಯ ಚೀಟಿ ಬರೆದಿಟ್ಟು ಒಳಕೋಣೆಯಕ್ಕ ಕೊನೆಯ ಸಲ ಆ ಸಾಲು ತೆರೆದಳು. ಈಗ ಒಂದು ಎಂದು ಬರೆದು ಹೋದರೆ ನಾಳೆಯಿಂದ ಯಂತ್ರ ತಾನೇ ನೋಡಿಕೊಳ್ಳುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ತಾನಿಲ್ಲದೆಯೂ ಎಲ್ಲ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ನಾನಿಲ್ಲದಾಗ ನಿಮ್ಮ ಹದಿನೇಳು ಏನು ಮಾಡುತ್ತಾಳೋ ನೋಡಿಕೊಳ್ಳಿ ಎಂದು ಪರದೆ ಆರಿಸಿದಳು. ಮೂರು ವಾರ ನಡೆದದ್ದಕ್ಕೆ ಈಗ ಸೊನ್ನೆಯಿದೆಯೇ ಎಂದು ಯಾರೂ ಹುಡುಕುವುದಿಲ್ಲ; ಬಂದು ಕೇಳಿದರೆ ಅಪ್‌ಡೇಟೇ ಕೈಕೊಟ್ಟಿತು ಎಂದರಾಯಿತು.

ಗುರುವಾರ ಮಧ್ಯಾಹ್ನ ದಿಂಬಿಲ್ಲದೆ ಅಂಗಾತ ಮಲಗಿ ಸೂರು ನೋಡುತ್ತಿದ್ದಳು. ಮೂರೂಮುಕ್ಕಾಲಿಗೆ ಅತ್ತೆ ತಲೆ ಬಾಚಿಕೊಂಡು, ಕಣ್ಣಿನ ಆಪರೇಷನ್ ಆದಮೇಲೆ ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು, ಫೋನಿನ ಪಕ್ಕದ ಕುರ್ಚಿಯಲ್ಲಿ ಬಂದು ಕೂತರು.

“ಎಲ್ಲಿಗತ್ತೆ ಹೊರಟಿದ್ದು?”

“ಎಲ್ಲಿಗೂ ಇಲ್ಲ. ನಿಮ್ಮ ಆಫೀಸಿಂದ ಫೋನ್ ಬರುತ್ತೆ ನಂಗೆ.” ಅತ್ತೆಯ ದನಿಯಲ್ಲಿ ಒಂದು ಗತ್ತು ಇತ್ತು. “ಕಣ್ಣಿನ ತಪಾಸಣೆ ಯಾವತ್ತು ಅಂತ ಹೇಳೋಕೆ. ಮೊನ್ನೆ ಒಂದು ಹುಡುಗಿ ಮಾಡಿತ್ತು, ಗುಬ್ಬಿ ಹಂಗೆ ಮಾತಾಡುತ್ತೆ. ಗುರುವಾರ ನಾಲ್ಕಕ್ಕೆ ಮಾಡಮ್ಮ ಅಂದೆ.”

“ನಮ್ಮನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?”

“ನಿಮ್ಮನ್ನ ಯಾಕೆ ಕೇಳ್ಬೇಕು? ಊರಿಗೆಲ್ಲ ಫೋನ್ ಮಾಡ್ತೀರಿ, ನಂಗೂ ಒಂದು ಬರ್ಲಿ.”

ಗುಬ್ಬಿ ಇವತ್ತು ಅರ್ಧ ದಿನ ರಜೆ. ಹಲ್ಲು ಕೀಳಿಸಲು ಹೋಗುತ್ತಾಳೆ. ರಜೆಯ ಪಟ್ಟಿಯಲ್ಲಿ ಒಳಕೋಣೆಯಕ್ಕನೇ ಕಣ್ಣಾರೆ ನೋಡಿದ್ದಳು. “ಅತ್ತೆ, ಆ ಹುಡುಗಿ ರಜೆ ಇದ್ರೂ ಇರಬಹುದು,” ಎಂದಳು ಮೆಲ್ಲಗೆ.

“ಇದ್ರೆ ಇರ್ಲಿ ಬಿಡು! ಚಿಕ್ಕವಳು ಮಾಡಿರೋ ಏರ್ಪಾಡು ಇದೆಯಲ್ಲ. ಯಾರಿದ್ರೂ ಇಲ್ದಿದ್ರೂ ಹತ್ತು ನಿಮಿಷದೊಳಗೆ ಬಂದೇ ಬರುತ್ತಂತೆ.”

ನಾಲ್ಕಾಯಿತು. ನಾಲ್ಕೂ ಹತ್ತಾಯಿತು. ಅತ್ತೆ ರಿಸೀವರ್ ಎತ್ತಿ ಕಿವಿಗಿಟ್ಟು, ಸದ್ದು ಬರುತ್ತಿದೆಯೇ ಎಂದು ನೋಡಿ, ಮತ್ತೆ ಸರಿಯಾಗಿ ಇಟ್ಟರು. ನಾಲ್ಕೂವರೆಗೆ ಬಾಯಾರಿಕೆ ಎಂದರೂ ನೀರಿಗೆ ಏಳಲಿಲ್ಲ, ಎದ್ದಾಗಲೇ ಬಂದುಬಿಟ್ಟರೆ? ಒಳಕೋಣೆಯಕ್ಕ ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಮರುಕರೆಗಳನ್ನು ಎತ್ತಿ ಹಾಕಿದ್ದಳೋ. ಫೋನಿನ ಈ ಕಡೆ ಕೂತವರನ್ನು ಅವಳು ನೋಡಿದ್ದು ಇದೇ ಮೊದಲು. ಆಫೀಸಿಗೆ ಒಂದು ಫೋನ್ ಮಾಡಿ ‘ಆ ಸೊನ್ನೆಯನ್ನು ಒಂದು ಮಾಡಿ’ ಎಂದರೆ ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದ ಮಾತು ಬಾಯಿಗೆ ಬರಲಿಲ್ಲ. ಫೋನ್ ಬೇರೆ ಅತ್ತೆಯ ಕೈಕೆಳಗಿತ್ತು.

ಐದೂಮುಕ್ಕಾಲಿಗೆ ಅತ್ತೆ ಕಪ್ಪು ಕನ್ನಡಕ ತೆಗೆದು ಮಡಚಿದರು. “ಬರಲ್ಲ ಅನ್ಸುತ್ತೆ. ಚಿಕ್ಕವಳದ್ದು ಕೆಲಸ ಮಾಡಲ್ಲ ಅಂತ ಕಾಣುತ್ತೆ.”

ಇದೇ ಮಾತು. ಒಂದು ತಿಂಗಳಿಂದ ಯಾರ ಬಾಯಲ್ಲಾದರೂ ಕೇಳಬೇಕೆಂದು ಅವಳು ಹಸಿದು ಕೂತಿದ್ದ ಮಾತು. ಅತ್ತೆಯ ಬಾಯಲ್ಲೇ ಬಂದರೂ ಅದಕ್ಕೆ ಒಂದು ಚೂರು ರುಚಿಯಿರಲಿಲ್ಲ.

“ನೋಡು,” ಎಂದರು ಅತ್ತೆ ಎದ್ದು ಹೋಗುತ್ತಾ, “ಫೋನ್ ಬರ್ಲಿಲ್ಲ ಅಂತ ಅವಳಿಗೆ ಹೇಳ್ಬೇಡ. ಬೇಜಾರು ಮಾಡ್ಕೋತಾಳೆ.”

ಆಗಲೂ ಅವಳಿಗೆ ಹೊಟ್ಟೆ ಉರಿಯಿತು; ಸುಳ್ಳು ಹೇಳುವುದೇಕೆ. ನಾನು ಬೇಜಾರು ಮಾಡಿಕೊಳ್ಳುತ್ತೇನೆಂದು ಇವರು ಯಾವತ್ತಾದರೂ ಒಂದು ಮಾತು ನುಂಗಿದ್ದುಂಟೇ? ಆ ಉರಿಯ ಜೊತೆಗೇ ನಾಚಿಕೆಯೂ ಬಂತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು, ತಿರುಗಲಾರದ ಕುತ್ತಿಗೆಯಲ್ಲಿ ಅವಳು ಸೂರು ನೋಡುತ್ತಾ ಮಲಗಿದಳು.

ಓರಗಿತ್ತಿ ಮನೆಗೆ ಬಂದವಳು ಕೆಳಗೆ ನಿಲ್ಲದೆ ನೇರ ಮೇಲೆ ಬಂದಳು. ಕಣ್ಣು ಊದಿತ್ತು. ಮಂಚದ ಪಕ್ಕ ನೆಲದಲ್ಲೇ ಕೂತಳು.

“ಮೂವತ್ತೆಂಟು ಅಕ್ಕಾ. ಒಂದೇ ದಿನಕ್ಕೆ ಮೂವತ್ತೆಂಟು ಸಿಕ್ಕಾಕೊಂಡಿದೆ. ನನ್ನದನ್ನ ನಂಬ್ಕೊಂಡು ಎಲ್ಲರೂ ಆರಾಮಾಗಿ ಎದ್ದು ಹೋಗ್ತಿದ್ರು. ಎಲ್ಲರ ಮುಂದೆ ಸರ್ ಕೇಳಿದ್ರು, ಏನಮ್ಮಾ ಇದು ಅಂತ.” ಮೂಗು ಒರೆಸಿಕೊಂಡಳು. “ಡಯಲರ್ ನಡೆಸೋವ್ರಿಗೆ ಬರೆದುಬಿಟ್ಟೆ. ನನ್ನ ಯೋಚನೆನೇ ಸರಿ ಇಲ್ಲ, ಮುಂದಿನ ಅಪ್‌ಡೇಟಲ್ಲಿ ತೆಗೆದುಹಾಕಿ ಅಂತ.”

“ತೆಗೆದುಹಾಕಿ ಅಂತ ಬರೆದ್ಯಾ?”

“ಇನ್ನೇನ್ ಮಾಡ್ಲಿ? ಬೇರೆ ಕಡೆನೂ ಜನ ಕಾಯ್ತಾ ಕೂತ್ಕೊಂಡ್ರೆ?”

ಬಾಯಿ ಮುಚ್ಚಿಕೊಂಡು ಮಲಗಿದ್ದರೆ ಸಾಕಿತ್ತು. ಪಟ್ಟಿಯಿಂದ ಸೀಟು ಹದಿನೇಳು ತಾನಾಗಿಯೇ ಅಳಿಸಿಹೋಗುತ್ತಿತ್ತು, ಕೋಣೆ ಉಳಿಯುತ್ತಿತ್ತು.

“ಅದು ಆನ್ ಆಗೇ ಇರ್ಲಿಲ್ಲ ಕಣೇ,” ಎಂದಳು ಒಳಕೋಣೆಯಕ್ಕ ಸೂರಿಗೆ. ಕುತ್ತಿಗೆ ತಿರುಗಿಸಿ ಮುಖ ನೋಡುವ ಕಷ್ಟವಾದರೂ ತಪ್ಪಿತ್ತು. “ಸೊನ್ನೆ ಇತ್ತು. ನಾನೇ ಹಾಗೇ ಬಿಟ್ಟೆ.”

“ಮರೆತ್ರಾ?”

“ಇಲ್ಲ.”

ಅಡುಗೆಮನೆಯಲ್ಲಿ ಅತ್ತೆ ಲೋಟ ಇಟ್ಟ ಸದ್ದಾಯಿತು.

“ಮತ್ತೆ ಮೂರು ವಾರ ಹೇಗೆ ನಡೀತು?”

“ನಾನು ಮಾಡ್ದೆ. ಕೈಯಲ್ಲಿ.”

“ಎಲ್ಲಾನೂ?”

“ಇನ್ನೂರ ಅರವತ್ತೊಂದು.”

ಓರಗಿತ್ತಿ ಎದ್ದು ನಿಂತಳು. ನಗುತ್ತಾಳೇನೋ, ಅಳುತ್ತಾಳೇನೋ ಎಂದು ಕಾದರೆ ಎರಡೂ ಇಲ್ಲ. “ನನ್ನ ಮೇಲೆ ಅಷ್ಟು ಸಿಟ್ಟಿದ್ರೆ ಬೈದುಬಿಡ್ಬೇಕಿತ್ತು,” ಎಂದಳು. “ಮೂವತ್ತೆಂಟು ಜನ ಏನ್ ಮಾಡಿದ್ರು?” ಮೆಟ್ಟಿಲು ಇಳಿದು ಹೋದ ಸದ್ದು ಕೇಳಿಸಿತು, ಕೆಳಗಿನ ಬಾಗಿಲು ಹಾಕಿಕೊಂಡ ಸದ್ದೂ ಕೇಳಿಸಿತು.

ಶುಕ್ರವಾರ ಡಾಕ್ಟರ ಮಾತು ಮೀರಿ, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಅವಳು ಆಫೀಸಿಗೆ ಹೋದಳು. ಮೊದಲು ಸೊನ್ನೆ ಅಳಿಸಿ ಒಂದು ಬರೆದಳು. ಆಮೇಲೆ ಮ್ಯಾನೇಜರರ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿ, ಹದಿನೈದು ನಿಮಿಷ ಬೈಸಿಕೊಂಡಳು. ಆಮೇಲೆ ಒಳಕೋಣೆಗೆ ಬಂದು, ಹನ್ನೊಂದು ವರ್ಷದಿಂದ ಬರೆಯಬೇಕೆಂದಿದ್ದ ಕಡೆಗೆ ಮೊದಲ ಸಲ ಬರೆದಳು.

‘ಸೀಟು ಹದಿನೇಳರ ಸೌಲಭ್ಯದಲ್ಲಿ ತಪ್ಪಿಲ್ಲ. ದಯವಿಟ್ಟು ತೆಗೆಯಬೇಡಿ. ಅದನ್ನು ನಾನು ಬೇಕೆಂದೇ ಆನ್ ಮಾಡಿರಲಿಲ್ಲ. ಸೊನ್ನೆಯಲ್ಲಿ ಬಂದದ್ದನ್ನು ಸೊನ್ನೆಯಲ್ಲೇ ಬಿಡುವುದು ನನ್ನಂಥವರಿಗೆ ಬಹಳ ಸುಲಭ.’ ಕೆಳಗೆ ಹೆಸರು ಕೇಳಿತು. ‘ಒಳಕೋಣೆ’ ಎಂದು ಬರೆದು ಕಳಿಸಿದಳು. ಅಂದು ನಾಲ್ಕು ಗಂಟೆಗೆ ಅತ್ತೆಗೆ ಫೋನ್ ಹೋಯಿತು. ಬಿಡುವಾಗಿದ್ದವರಿಗೆ ಹಾಕುವ ಯಂತ್ರ ಅದನ್ನು ನಗಾರಿಗೆ ಹಾಕಿತ್ತು. ಅತ್ತೆ ಕಿವಿಯಿಂದ ದೂರ ಹಿಡಿದೇ ಮಾತಾಡಿದರಂತೆ.

ಓರಗಿತ್ತಿ ಎರಡು ವಾರ ಮಾತು ಬಿಟ್ಟಳು. ಬಿಡದೆ ಏನು? ಮೂರನೆಯ ವಾರ ಮ್ಯಾನೇಜರರು ಒಳಕೋಣೆಗೆ ಎರಡನೆಯ ಕುರ್ಚಿ ಹಾಕಿಸಿದರು. ಅದು ಹಿಡಿಸಿತು. ಮೊದಲ ದಿನವೇ ಓರಗಿತ್ತಿ ಚಳಿಗೆ ನಡುಗುವುದನ್ನು ನೋಡಲಾರದೆ ಒಳಕೋಣೆಯಕ್ಕ ತನ್ನ ಹಳೆಯ ಸ್ವೆಟರ್ ತಂದು ಕುರ್ಚಿಯ ಬೆನ್ನಿಗೆ ಹಾಕಿಟ್ಟಳು. ಓರಗಿತ್ತಿ ಅದನ್ನು ಹಾಕಿಕೊಂಡಳು.

ಮುಂದಿನ ಅಪ್‌ಡೇಟಿನ ಪಟ್ಟಿ ಬಂದ ಬೆಳಿಗ್ಗೆ ಇಬ್ಬರೂ ಅಕ್ಕಪಕ್ಕ ಕೂತು ಓದಿದರು. ಒಂಬತ್ತನೆಯ ಸಾಲಿನಲ್ಲಿ ಹೀಗಿತ್ತು: ‘ಮರುಕರೆಯ ಸೌಲಭ್ಯ ಇನ್ನು ಮೇಲೆ ಎಲ್ಲರಿಗೂ ಒಂದು ಎಂದೇ ಬರುತ್ತದೆ, ಬೇಡವಾದವರು ಸೊನ್ನೆ ಮಾಡಿಕೊಳ್ಳಬೇಕು. ಧನ್ಯವಾದ: ಒಳಕೋಣೆ.’

ಒಳಕೋಣೆಯಕ್ಕ ಪರದೆಯನ್ನು ನೋಡುತ್ತಲೇ ಇದ್ದಳು. ಮೂರು ಸಲ ಓದಿದಳು.

“ನಾನು ಇಪ್ಪತ್ತು ದಿನ ಕೂತು ಬರೆದೆ,” ಎಂದಳು ಓರಗಿತ್ತಿ. “ನೀವು ನಾಲ್ಕು ಸಾಲು.”

ಆ ದನಿಯನ್ನು ಒಳಕೋಣೆಯಕ್ಕ ನಿದ್ದೆಯಲ್ಲಿ ಕೇಳಿದ್ದರೂ ಗುರುತು ಹಿಡಿಯುತ್ತಿದ್ದಳು. “ಒಳ್ಳೇದಾಯ್ತು ಅಂತ ಹೇಳು,” ಎಂದಳು. “ಹಲ್ಲು ನೋಯುತ್ತೆ, ಆದ್ರೂ ಹೇಳು.”